ದೋಷ ನಿಂತಿದೆಯೋ, ಸುತ್ತುತ್ತಿದೆಯೋ? ಹಳೇ ಕಾಲದ ರೈಡ್‌ಗಳ ದೋಷ ಹುಡುಕುವ ಬಗೆ

ಮೆರ್ರಿ ಗೋ ರೌಂಡ್ ಸುತ್ತುತ್ತಿದೆ. ಮೇಲಿನಿಂದ ಎಲ್ಲೋ ‘ಟಕ್’ ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ‘ಟಕ್’. ತಕ್ಷಣ ಸ್ಪಾನರ್ ಹಿಡಿದು ಮೇಲೆ ಹತ್ತಬೇಡಿ. ಹೊರಗೆ ನೆಲದ ಮೇಲೆ ಒಂದೇ ಜಾಗದಲ್ಲಿ ನಿಂತು, ಕಣ್ಣು ಮುಚ್ಚಿ, ನಾಲ್ಕೈದು ಸುತ್ತು ಕೇಳಿ. ಆಮೇಲೆ ರೈಡ್ ನಿಲ್ಲಿಸಿ, ಪ್ಲಾಟ್‌ಫಾರ್ಮ್ ಮೇಲೆ ಕೂತು, ಅದರ ಜೊತೆಗೇ ಸುತ್ತುತ್ತಾ ಇನ್ನೊಮ್ಮೆ ಕೇಳಿ.

ನೆಲದ ಮೇಲೆ ನಿಂತಾಗ ಸದ್ದು ಯಾವಾಗಲೂ ಒಂದೇ ದಿಕ್ಕಿನಿಂದ ಬರುತ್ತಿದೆಯಾ? ಅಥವಾ ನಿಮ್ಮನ್ನು ದಾಟಿಹೋಗಿ, ಸುತ್ತಿ ಬಂದು, ಮತ್ತೆ ದಾಟುತ್ತಿದೆಯಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಯಂತ್ರವನ್ನು ಬಿಚ್ಚುವ ಕೆಲಸ ತಪ್ಪುತ್ತದೆ. ಹಳೇ ಕಾಲದ ರೈಡ್‌ಗಳಲ್ಲಿ ಬಹುಪಾಲು ಸುತ್ತುವಂಥವು, ಇಲ್ಲವೇ ಹೊರಟಲ್ಲಿಗೇ ವಾಪಸು ಬರುವಂಥವು. ಅವುಗಳಲ್ಲಿ ಒಂದು ಭಾಗ ನಿಂತಿರುತ್ತದೆ, ಒಂದು ಭಾಗ ಓಡುತ್ತಿರುತ್ತದೆ. ದೋಷ ಯಾವ ಕಡೆ ಇದೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕು. ಮೆರ್ರಿ ಗೋ ರೌಂಡ್, ಡ್ಯಾಶಿಂಗ್ ಕಾರ್, ರೋಲರ್ ಕೋಸ್ಟರ್, ಜೈಂಟ್ ವೀಲ್ – ನಾಲ್ಕಕ್ಕೂ ನಾನು ಇದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಈ ಕೆಲಸಕ್ಕೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಣ್ಣದ ಹಲಗೆಗಳ ಹಿಂದೆ ಏನಿದೆ ಅಂತ ಕುತೂಹಲ ಇರುವವರೂ ಓದಬಹುದು. ಆದರೆ ರೈಡ್ ಮುಟ್ಟುವ ಕೆಲಸ ತರಬೇತಿ ಪಡೆದವರದ್ದೇ. ತಯಾರಕರ ಕೈಪಿಡಿ ಒಂದು ಹೇಳಿ ನಾನು ಇನ್ನೊಂದು ಹೇಳಿದರೆ, ಕೈಪಿಡಿಯದ್ದೇ ಸರಿ.

ಮೊದಲು ಬೀಗ

ಕೇಳುವುದು, ನೋಡುವುದು, ಎಣಿಸುವುದು ರೈಡ್ ಓಡುತ್ತಿರುವಾಗ. ಮುಟ್ಟುವುದು ಬೀಗ ಹಾಕಿದ ಮೇಲೆ. ಇವೆರಡನ್ನೂ ಒಟ್ಟಿಗೆ ಮಾಡಲು ಹೋದವರ ಬೆರಳು, ಕೈ, ಜೀವ ಹೋಗಿವೆ.

ಮೇನ್ ಸ್ವಿಚ್ ಇಳಿಸಿ, ಅದಕ್ಕೆ ನಿಮ್ಮ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ನಿಜವಾಗಿಯೂ ಕರೆಂಟ್ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಿ.

ಕರೆಂಟ್ ತೆಗೆದರೆ ಯಂತ್ರ ಸತ್ತಂತೆ ಅಂದುಕೊಳ್ಳಬೇಡಿ. ಜೈಂಟ್ ವೀಲ್ ಒಂದು ಪಕ್ಕ ಭಾರ ಜಾಸ್ತಿ ಇದ್ದರೆ ತಾನೇ ತಿರುಗುತ್ತದೆ. ಇಳಿಜಾರಿನಲ್ಲಿ ನಿಂತ ಕೋಸ್ಟರ್ ರೈಲು ಕಾಯುತ್ತಿರುತ್ತದೆ, ಅಷ್ಟೆ. ಬ್ರೇಕ್‌ನ ಗಾಳಿ ಟ್ಯಾಂಕಿನಲ್ಲಿ ಒತ್ತಡ ಹಾಗೇ ಉಳಿದಿರುತ್ತದೆ. ಚಕ್ರವನ್ನು ಕಟ್ಟಿ, ರೈಲಿಗೆ ಅಡ್ಡ ಕೊಟ್ಟು, ಗಾಳಿ ಬಿಟ್ಟು, ಆಮೇಲೆ ಕೈ ಹಾಕಿ.

ಮೆರ್ರಿ ಗೋ ರೌಂಡ್: ಜಾಗ ನೋಡಿ, ಲೆಕ್ಕ ಹಾಕಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಇದು ಅರ್ಥವಾದರೆ ಉಳಿದ ರೈಡ್‌ಗಳು ಅರ್ಧ ಅರ್ಥವಾದಂತೆಯೇ.

ನಡುವೆ ಇರುವ ಕನ್ನಡಿ, ಚಿತ್ರದ ಹಲಗೆಗಳನ್ನು ಸರಿಸಿ ಒಳಗೆ ಹೋದರೆ ಒಂದು ದಪ್ಪ ಕಂಬ ಕಾಣುತ್ತದೆ. ಅದು ತಿರುಗುವುದಿಲ್ಲ. ಕಂಬದ ತಲೆಯ ಮೇಲೆ ಒಂದು ದೊಡ್ಡ ಬೇರಿಂಗ್. ಅದರಿಂದ ಕೊಡೆಯ ಕಡ್ಡಿಗಳ ಹಾಗೆ ಉದ್ದ ತೊಲೆಗಳು ಹೊರಗೆ ಚಾಚಿಕೊಂಡಿರುತ್ತವೆ. ಇಡೀ ಪ್ಲಾಟ್‌ಫಾರ್ಮ್ ಆ ತೊಲೆಗಳಿಂದ ನೇತಾಡುತ್ತಿರುತ್ತದೆ. ನೆಲದ ಮೇಲೆ ಕೂತಿದೆ ಅಂತ ಹೊರಗಿನಿಂದ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ, ಭಾರವೆಲ್ಲ ಮೇಲಿನ ಬೇರಿಂಗ್ ಮೇಲೆ.

ಕುದುರೆ ಮೇಲೆ ಕೆಳಗೆ ಆಡುವುದಕ್ಕೆ ಬೇರೆ ಮೋಟಾರ್ ಇಲ್ಲ. ಕಂಬಕ್ಕೆ ಒಂದು ಹಲ್ಲಿನ ಗೇರ್ ಬಿಗಿದಿರುತ್ತದೆ, ಅದೂ ತಿರುಗುವುದಿಲ್ಲ. ತೊಲೆಗಳ ನಡುವೆ ಉದ್ದಕ್ಕೆ ಮಲಗಿರುವ ಒಂದೊಂದು ಕ್ರ್ಯಾಂಕ್ ಶಾಫ್ಟ್‌ನ (ಅಲ್ಲಲ್ಲಿ ಬಾಗಿಸಿದ ಕಬ್ಬಿಣದ ದಂಡ) ತುದಿಯಲ್ಲಿ ಒಂದು ಚಿಕ್ಕ ಗೇರ್. ಚೌಕಟ್ಟು ಸುತ್ತುವಾಗ ಆ ಚಿಕ್ಕ ಗೇರ್ ನಿಂತ ಗೇರಿನ ಮೇಲೆ ಉರುಳುತ್ತಾ ಹೋಗುತ್ತದೆ. ಕ್ರ್ಯಾಂಕ್ ತಿರುಗುತ್ತದೆ, ಅದಕ್ಕೆ ನೇತುಹಾಕಿದ ಕುದುರೆ ಕುಣಿಯುತ್ತದೆ. ಇಂಗ್ಲೆಂಡಿನ ಕಿಂಗ್ಸ್ ಲಿನ್ ಊರಿನಲ್ಲಿ ಫ್ರೆಡರಿಕ್ ಸ್ಯಾವೇಜ್ 19ನೇ ಶತಮಾನದಲ್ಲಿ ಉಗಿ ಯಂತ್ರದಿಂದ ಇಂಥ ಕುಣಿಯುವ ಕುದುರೆಗಳನ್ನು ಓಡಿಸಿದರು. ಉಗಿ ಹೋಗಿ ಮೋಟಾರ್ ಬಂತು. ಮೇಲಿನ ಕ್ರ್ಯಾಂಕ್ ಏರ್ಪಾಡು ಇಂದಿಗೂ ಅದೇ ತತ್ವದ್ದು.

ಈಗ ಸದ್ದಿಗೆ ಬರೋಣ. ನಿಂತ ಗೇರಿಗೆ 96 ಹಲ್ಲು, ಕ್ರ್ಯಾಂಕಿನ ಚಿಕ್ಕ ಗೇರಿಗೆ 16 ಹಲ್ಲು ಅಂದುಕೊಳ್ಳಿ. ಒಂದು ಸುತ್ತಿಗೆ ಕುದುರೆ 6 ಸಲ ಕುಣಿಯುತ್ತದೆ. ಒಟ್ಟು 18 ಕ್ರ್ಯಾಂಕ್ ಇವೆ ಅಂತಲೂ ಇಟ್ಟುಕೊಳ್ಳಿ. ಪ್ಲಾಟ್‌ಫಾರ್ಮಿನ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಮುಂದೆ ಹಾದಾಗ ಒಂದು ಸುತ್ತು. ಒಂದು ಸುತ್ತಿಗೆ ಎಷ್ಟು ಟಕ್ ಬಂತು ಎಣಿಸಿ.

ಸುತ್ತಿಗೆ 6 ಟಕ್, ಸದ್ದು ಕುದುರೆಗಳ ಒಂದು ಸಾಲಿನ ಜೊತೆಗೇ ಓಡುತ್ತಿದೆ. ಹಾಗಾದರೆ ಆ ಸಾಲಿನ ಕ್ರ್ಯಾಂಕಿನಲ್ಲೇ ತೊಂದರೆ. ಚಿಕ್ಕ ಗೇರಿನ ಒಂದು ಹಲ್ಲು ಹೋಗಿರಬಹುದು, ಅಥವಾ ಕ್ರ್ಯಾಂಕ್ ಕೂತಿರುವ ಬೇರಿಂಗ್ ಸವೆದಿರಬಹುದು.

ಸುತ್ತಿಗೆ 18 ಟಕ್, ಎಲ್ಲವೂ ಒಂದೇ ದಿಕ್ಕಿನಿಂದ. ಹಾಗಾದರೆ ನಿಂತ ಗೇರಿನ ಒಂದು ಹಲ್ಲು ಹಾಳಾಗಿದೆ. ಹದಿನೆಂಟೂ ಕ್ರ್ಯಾಂಕ್‌ಗಳು ಒಂದೊಂದಾಗಿ ಅದೇ ಹಲ್ಲನ್ನು ಎಡವಿಕೊಂಡು ಹೋಗುತ್ತಿವೆ. ಆ ಜಾಗ ದಾಟುವಾಗ ಕುದುರೆಗಳ ಕಂಬ ಸಣ್ಣಗೆ ನಡುಗುವುದು ಕಣ್ಣಿಗೂ ಕಾಣುತ್ತದೆ.

ಸುತ್ತಿಗೆ ಒಂದೇ ಟಕ್, ಅದೂ ಯಾವಾಗಲೂ ಮೋಟಾರ್ ಇರುವ ಕಡೆಯಿಂದ. ಇಲ್ಲಿ ಹುಷಾರಾಗಿರಬೇಕು. ನಾನು ಎರಡು ದಿನ ಕಳೆದುಕೊಂಡದ್ದು ಇಲ್ಲೇ. ಸದ್ದು ನಿಂತ ಜಾಗದಿಂದ ಬರುತ್ತಿದೆ, ಆದ್ದರಿಂದ ದೋಷವೂ ನಿಂತ ಭಾಗದ್ದು ಅಂತ ನಂಬಿ, ಮೋಟಾರ್ ಕಡೆಯ ಚಿಕ್ಕ ಗೇರನ್ನು ಬಿಚ್ಚಿ ಹೊಸದು ಹಾಕಿಸಿದೆ. ಸದ್ದು ಹೋಗಲಿಲ್ಲ. ಮೋಟಾರಿನ ಗೇರ್ ಒಂದು ಸುತ್ತಿನಲ್ಲಿ ಎಷ್ಟೋ ಸಲ ತಿರುಗುತ್ತದೆ. ಅದರ ಹಲ್ಲು ಹೋಗಿದ್ದರೆ ‘ಟಕ್ ಟಕ್ ಟಕ್’ ಅಂತ ಬಿಡದೆ ಬರಬೇಕಿತ್ತು. ಸುತ್ತಿಗೆ ಒಂದೇ ಸಲ ಬರಬೇಕಾದರೆ ದೋಷ ಸುತ್ತಿಗೆ ಒಂದೇ ಸಲ ಅಲ್ಲಿಗೆ ಬರುವ ವಸ್ತುವಿನಲ್ಲಿರಬೇಕು. ಅಂದರೆ ಚೌಕಟ್ಟಿಗೆ ಬಿಗಿದು ಅದರ ಜೊತೆ ತಿರುಗುವ, ಮೋಟಾರಿನ ಗೇರ್ ದೂಡುವ ದೊಡ್ಡ ಗೇರಿನಲ್ಲಿ. ದೋಷ ಸುತ್ತುತ್ತಿತ್ತು, ಸದ್ದು ಮಾತ್ರ ನಿಂತ ಕಡೆ ಹುಟ್ಟುತ್ತಿತ್ತು. ದೊಡ್ಡ ಗೇರನ್ನು ಕೈಯಿಂದ ನಿಧಾನ ತಿರುಗಿಸಿ, ಹಲ್ಲು ಹಲ್ಲಿನ ಸಂದಿಯ ಗ್ರೀಸ್ ಒರೆಸಿ ನೋಡಿದಾಗ, ಒಂದು ಹಲ್ಲಿನ ಅಂಚು ಅಕ್ಕಿಕಾಳಿನಷ್ಟು ಎದ್ದಿತ್ತು.

ಅವತ್ತಿನಿಂದ ಬರೀ ಜಾಗ ನೋಡಿ ತೀರ್ಮಾನಿಸುವುದನ್ನು ಬಿಟ್ಟೆ. ಜಾಗ ಮತ್ತು ಲೆಕ್ಕ ಎರಡೂ ಬೇಕು. ನಿಮ್ಮ ರೈಡಿನ ಎಲ್ಲ ಗೇರುಗಳ ಹಲ್ಲು ಎಣಿಸಿ ಒಂದು ರಟ್ಟಿನ ಮೇಲೆ ಬರೆದು ಮೋಟಾರ್ ಪಕ್ಕ ತೂಗುಹಾಕಿ. ಒಂದು ಮಧ್ಯಾಹ್ನದ ಕೆಲಸ, ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ. ಕ್ರ್ಯಾಂಕ್‌ಗಳಿಗೂ ಕುದುರೆಗಳಿಗೂ ನಂಬರ್ ಹಾಕಿ. ಎಡ, ಬಲ ಅಂತ ಬರೆಯಬೇಡಿ. ಬ್ರಿಟನ್ನಿನ ಕುದುರೆಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡುತ್ತವೆ, ಅಮೆರಿಕದವು ಅದರ ಎದುರು ದಿಕ್ಕಿಗೆ. ಹಾಗಾಗಿ ಎಡ ಬಲ ಅನ್ನುವುದು ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಒಂದೇ ಕುದುರೆ ಧಡ್ ಅಂತ ಇಳಿಯುತ್ತಿದ್ದರೆ ಬೀಗ ಹಾಕಿ, ಅದರ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳಿ ನೋಡಿ. ಕೈಗೆ ‘ಕಟ್’ ಅಂತ ಒಂದು ಸಡಿಲು ಸಿಗುತ್ತದೆ. ಪಕ್ಕದ ಕುದುರೆಗೂ ಹಾಗೇ ಮಾಡಿ. ಎರಡರ ವ್ಯತ್ಯಾಸವೇ ನಿಮ್ಮ ಅಳತೆ. ಹಳೇ ಯಂತ್ರಗಳಲ್ಲಿ ಕ್ರ್ಯಾಂಕ್ ಕೂರುವ ಜಾಗದಲ್ಲಿ ಬ್ಯಾಬಿಟ್ ಅನ್ನುವ ಮೆತ್ತನೆ ಬಿಳಿ ಲೋಹ ಇರುತ್ತದೆ. ಶಾಫ್ಟ್ ಉಳಿಯಲಿ, ತಾನು ಸವೆಯಲಿ ಅಂತಲೇ ಅದನ್ನು ಹಾಕಿರುತ್ತಾರೆ. ಅದು ಸವೆದಿದ್ದರೆ ಗ್ರೀಸ್ ತುಂಬಿ ಸದ್ದು ಅಡಗಿಸಬೇಡಿ. ಸದ್ದು ಒಂದು ವಾರ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ.

ಟಕ್ ಇಲ್ಲದೆ ಬರೀ ಗರಗರ ಅಂತ ಎಲ್ಲ ಕಡೆಯಿಂದ ಬಂದರೆ ಮೇಲಿನ ದೊಡ್ಡ ಬೇರಿಂಗಿನ ಎಣ್ಣೆ ನೋಡಿ. ರೈಡ್ ಹೊರಡುವಾಗ ಮಾತ್ರ ತಿಣುಕಿ, ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟ್ ಅಥವಾ ಕ್ಲಚ್ ಜಾರುತ್ತಿದೆ. ಇವೆರಡಕ್ಕೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೆರ್ರಿ ಗೋ ರೌಂಡ್ ಪಕ್ಕದಲ್ಲಿ ಹಳೇ ಗಾಳಿ ಆರ್ಗನ್ ಇದ್ದರೆ, ಅದಕ್ಕೂ ಇದೇ ಪ್ರಶ್ನೆ ಕೇಳಬಹುದು. ಪ್ಯಾರಿಸಿನ ಗಾವಿಯೋಲಿ ಕಂಪನಿ 1892ರಲ್ಲಿ ತೂತು ಕೊರೆದ ರಟ್ಟಿನ ಮಡಿಕೆಗಳಿಂದ ನುಡಿಸುವ ಆರ್ಗನ್ನಿಗೆ ಪೇಟೆಂಟ್ ಪಡೆಯಿತು. ಕಾಗದದ ಸುರುಳಿಯಿಂದ ನುಡಿಯುವವೂ ಇವೆ. ಒಂದು ಸ್ವರ ಎಲ್ಲ ಹಾಡಿನಲ್ಲೂ ಕಾಣೆಯಾಗಿದ್ದರೆ ದೋಷ ಆರ್ಗನ್ನಿನದ್ದು: ಕೊಳವೆ, ಕವಾಟ, ಅಥವಾ ಅಲ್ಲಿಗೆ ಹೋಗುವ ಗಾಳಿ ನಳಿಕೆ. ಒಂದೇ ಹಾಡಿನ ಒಂದೇ ಜಾಗದಲ್ಲಿ ಕಾಣೆಯಾದರೆ ರಟ್ಟಿನ ತೂತು ನೋಡಿ. ಎಲ್ಲ ಸ್ವರಗಳೂ ಒಟ್ಟಿಗೆ ಸೊರಗಿದರೆ ತಿದಿಯ ಚರ್ಮ ಸೋರುತ್ತಿದೆ. ಕತ್ತಲಲ್ಲಿ ಕೆನ್ನೆಯನ್ನು ತಿದಿಯ ಅಂಚಿನ ಹತ್ತಿರ ಹಿಡಿದರೆ ಗಾಳಿ ತಣ್ಣಗೆ ತಾಗುತ್ತದೆ. ಬೆರಳಿಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತದೆ.

ಡ್ಯಾಶಿಂಗ್ ಕಾರ್: ಕಾರಿನದ್ದೋ, ಅಂಗಳದ್ದೋ?

ಹಳೇ ಬಗೆಯ ಡ್ಯಾಶಿಂಗ್ ಕಾರಿನ ವಿದ್ಯುತ್ ಸರ್ಕೀಟ್ ತುಂಬಾ ಸರಳ. ಚಾವಣಿಯಲ್ಲಿ ತಂತಿ ಜಾಲರಿ, ಕೆಳಗೆ ಉಕ್ಕಿನ ನೆಲ. ಎರಡರ ನಡುವೆ ಡಿಸಿ ಕರೆಂಟ್, ಸಾಮಾನ್ಯವಾಗಿ 90 ವೋಲ್ಟ್ ಆಸುಪಾಸು. ಕಾರಿನ ಹಿಂದಿನ ಕಂಬದ ತುದಿ ಜಾಲರಿಯನ್ನು ಉಜ್ಜುತ್ತಾ ಹೋಗುತ್ತದೆ. ಕರೆಂಟ್ ಅಲ್ಲಿಂದ ಇಳಿದು, ಪೆಡಲ್ ಸ್ವಿಚ್ ದಾಟಿ, ಮೋಟಾರ್ ತಿರುಗಿಸಿ, ನೆಲ ಸೇರುತ್ತದೆ.

ಒಂದೇ ಕಾರು ಎಲ್ಲ ಕಡೆಯೂ ನಿಲ್ಲುತ್ತಿದ್ದರೆ ದೋಷ ಕಾರಿನಲ್ಲಿ. ಎಲ್ಲ ಕಾರುಗಳೂ ಒಂದೇ ಕಡೆ ನಿಲ್ಲುತ್ತಿದ್ದರೆ ದೋಷ ಅಂಗಳದಲ್ಲಿ. ಎಲ್ಲ ಕಾರುಗಳೂ ಎಲ್ಲ ಕಡೆಯೂ ನಿಂತರೆ ಕರೆಂಟ್ ಬರುವ ಕಡೆ. ಹೊಸಬರು ಇದನ್ನು ಕೇಳದೆ ಸುಮ್ನೆ ಕಾರು ಮಗುಚಿ ಹಾಕಿ ಬಿಚ್ಚಲು ಕೂರುತ್ತಾರೆ. ನಿಲ್ಲಿಸಿದ ಕಾರನ್ನು ನಾಲ್ಕು ಮಾರು ದೂರ ತಳ್ಳಿ ನೋಡಿದರೆ ಸಾಕು. ಅಲ್ಲಿ ಓಡಿದರೆ ಕಾರಿನ ತಪ್ಪೇನಿಲ್ಲ.

ಕಾರಿನ ದೋಷವಾದರೆ ಮೇಲಿನಿಂದ ಕೆಳಕ್ಕೆ ಬನ್ನಿ. ಕಂಬದ ತುದಿ ಸವೆದಿದೆಯಾ, ಅದನ್ನು ಮೇಲಕ್ಕೆ ಒತ್ತುವ ಸ್ಪ್ರಿಂಗ್ ಸೊರಗಿದೆಯಾ, ಕಂಬದೊಳಗಿನ ವೈರ್ ಬುಡದಲ್ಲಿ ತುಂಡಾಗಿದೆಯಾ. ಡಿಕ್ಕಿಯ ಹೊಡೆತವೆಲ್ಲ ಕಂಬದ ಬುಡಕ್ಕೇ ಬೀಳುವುದರಿಂದ ವೈರ್ ಅಲ್ಲೇ ಹೋಗುವುದು ಜಾಸ್ತಿ. ಆಮೇಲೆ ಪೆಡಲ್ ಸ್ವಿಚ್, ಮೋಟಾರಿನ ಕಾರ್ಬನ್ ಬ್ರಷ್, ಕೊನೆಗೆ ನೆಲ ಮುಟ್ಟುವ ಚಕ್ರ. ಬೆಳಗ್ಗೆ ಚೆನ್ನಾಗಿ ಓಡಿ ಸಂಜೆಗೆ ಸೋಲುವ ಕಾರಿನಲ್ಲಿ ಮೊದಲು ಬ್ರಷ್ ನೋಡಿ. ಒಂದು ಮಾತು: ಹಳೇ ಕಾರುಗಳಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸುತ್ತಾ ಹೋದರೆ ಕಾರು ಹಿಂದಕ್ಕೆ ಓಡುತ್ತದೆ. ಮೋಟಾರ್ ಮತ್ತು ಚಕ್ರ ಎರಡೂ ಸ್ಟೀರಿಂಗ್ ಜೊತೆ ಪೂರ್ತಿ ತಿರುಗುವ ಹಾಗೆ ಮಾಡಿರುತ್ತಾರೆ. ಅದು ದೋಷವಲ್ಲ.

ಅಂಗಳದ ದೋಷ ಸ್ವಲ್ಪ ಕಣ್ಣಾಮುಚ್ಚಾಲೆ ಆಡುತ್ತದೆ. ಮೀಟರ್ ಹಿಡಿದು ಜಾಲರಿ ಮತ್ತು ನೆಲದ ನಡುವೆ ಅಳೆದರೆ 90 ವೋಲ್ಟ್ ಸರಿಯಾಗೇ ಇರುತ್ತದೆ. ಕಾರು ಮಾತ್ರ ಓಡುವುದಿಲ್ಲ. ಯಾಕೆಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನಬಹುದು. ಹಿಡಿ ಸಡಿಲವಾದ ಜಾಯಿಂಟ್ ಕೂಡ ಮೀಟರಿಗೆ ಸಾಕಾಗುತ್ತದೆ. ಅದೇ ಜಾಗದಲ್ಲಿ ಒಂದು ಕಾರು ನಿಲ್ಲಿಸಿ, ಒಬ್ಬರು ಪೆಡಲ್ ಒತ್ತಿರುವಾಗ ಅಳೆಯಿರಿ. 90 ಇದ್ದದ್ದು 50ಕ್ಕೆ ಕುಸಿದರೆ ಕಳ್ಳ ಸಿಕ್ಕಿದ ಹಾಗೆ: ನೆಲದ ಎರಡು ತಗಡುಗಳ ನಡುವಿನ ಬೆಸುಗೆ ಬಿಟ್ಟಿದೆ, ಅಥವಾ ಜಾಲರಿಯ ಆ ತುಂಡಿಗೆ ಬರುವ ಕೇಬಲ್ ಸಡಿಲವಾಗಿದೆ. ಈ ಅಳತೆಯನ್ನು ಎಲೆಕ್ಟ್ರಿಷಿಯನ್ನೇ ಮಾಡಬೇಕು, ಅಂಗಳದಲ್ಲಿ ಬೇರೆ ಯಾರೂ ಇರಬಾರದು.

ಮೇಲೆ ಸಣ್ಣ ಕಿಡಿ ಹಾರುವುದು ಸಹಜ. ಒಂದೇ ಜಾಗದಲ್ಲಿ ದೊಡ್ಡ ಕಿಡಿ ಹಾರಿದರೆ ಅಲ್ಲಿ ಜಾಲರಿ ಜೋತುಬಿದ್ದಿದೆ ಅಥವಾ ಕೊಳೆ ಕಟ್ಟಿದೆ. ನೆಲದ ಮೇಲೆ ಕಪ್ಪು ಪುಡಿಯೂ ಕೂರುತ್ತದೆ. ಒಂದು ಬಿಳಿ ಬಟ್ಟೆ ನೆಲಕ್ಕೆ ಉಜ್ಜಿ ನೋಡಿ. ಬಟ್ಟೆ ಕಪ್ಪಾಗಿ ಅಂಟಂಟಾದರೆ ಮೊದಲು ನೆಲ ತೊಳೆದು ಒಣಗಿಸಿ. ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುವುದನ್ನು ನೋಡಿದ್ದೇನೆ.

ರೋಲರ್ ಕೋಸ್ಟರ್: ರೈಲಿನದ್ದೋ, ಹಳಿಯದ್ದೋ?

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಹಾಕಿದ ಸ್ವಿಚ್‌ಬ್ಯಾಕ್ ರೈಲು ಗಂಟೆಗೆ ಸುಮಾರು 6 ಮೈಲಿ ಓಡುತ್ತಿತ್ತು. ಅದೇ ಕೋನಿ ಐಲೆಂಡಿನ ಮರದ ಕೋಸ್ಟರ್ ಸೈಕ್ಲೋನ್ 1927ರದ್ದು, ಅದರ ವೇಗ ಇದರ ಹತ್ತು ಪಟ್ಟು ಹತ್ತಿರ. ಎರಡಕ್ಕೂ ಮೇಲಿನಿಂದ ಬಿಟ್ಟ ಮೇಲೆ ಎಂಜಿನ್ ಇಲ್ಲ. ಎತ್ತರದಿಂದ ಸಿಕ್ಕಿದ್ದನ್ನು ಖರ್ಚು ಮಾಡುತ್ತಾ ಹೋಗುವುದಷ್ಟೆ. ಆದ್ದರಿಂದ ಕೋಸ್ಟರಿನ ಆರೋಗ್ಯ ತಿಳಿಯಲು ಸ್ಟಾಪ್‌ವಾಚ್‌ಗಿಂತ ಒಳ್ಳೇ ಸಾಧನ ಇಲ್ಲ. ತುದಿ ದಾಟಿದ ಕ್ಷಣದಿಂದ ಕೊನೆಯ ಬ್ರೇಕ್ ಮುಟ್ಟುವವರೆಗೆ ಎಷ್ಟು ಸೆಕೆಂಡ್? ಪ್ರತಿದಿನ ಬರೆದಿಡಿ. ಜೊತೆಗೆ ಬಿಸಿಲು, ಗಾಳಿ, ರೈಲು ತುಂಬಿತ್ತೋ ಖಾಲಿಯೋ ಅನ್ನುವುದನ್ನೂ ಬರೆಯಿರಿ.

ಇವೆಲ್ಲ ಯಾಕೆ? ಬೆಳಗಿನ ಚಳಿಗೆ ಗ್ರೀಸ್ ಗಟ್ಟಿಯಾಗಿರುತ್ತದೆ, ಮೊದಲ ಓಟಗಳು ನಿಧಾನ. ಮಧ್ಯಾಹ್ನ ಅದೇ ರೈಲು ಚುರುಕು. ತುಂಬಿದ ರೈಲು ಖಾಲಿ ರೈಲಿಗಿಂತ ವೇಗವಾಗಿ ಓಡುತ್ತದೆ. ಗಾಳಿಯ ಅಡ್ಡಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಭಾರ ಇರುವ ರೈಲಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಬದಿಗಿಟ್ಟ ಮೇಲೂ 64 ಸೆಕೆಂಡಿನ ಓಟ 67 ಆಗಿದ್ದರೆ ಏನೋ ಹಿಡಿಯುತ್ತಿದೆ. ಬಿಟ್ಟರೆ ಒಂದು ದಿನ ರೈಲು ಮುಂದಿನ ಏರು ಹತ್ತಲಾರದೆ ಎರಡು ಏರುಗಳ ನಡುವಿನ ತಗ್ಗಿನಲ್ಲಿ ನಿಲ್ಲುತ್ತದೆ. ಆಮೇಲೆ ಜನರನ್ನು ಇಳಿಸುವುದೇ ಒಂದು ದೊಡ್ಡ ಕೆಲಸ.

ಎಲ್ಲ ರೈಲುಗಳೂ ನಿಧಾನವಾದರೆ ಹಳಿ, ಬ್ರೇಕ್ ಅಥವಾ ಹವಾಮಾನ. ಒಂದೇ ರೈಲು ನಿಧಾನವಾದರೆ ಅದರ ಚಕ್ರ. ಒಂದೊಂದು ಗಾಡಿಗೂ ಮೂರು ಬಗೆಯ ಚಕ್ರ: ಮೇಲೆ ಭಾರ ಹೊರುವುದು, ಪಕ್ಕದಿಂದ ದಾರಿ ತೋರಿಸುವುದು, ಹಳಿಯ ಕೆಳಗಿನಿಂದ ಹಿಡಿದು ಗಾಡಿ ಮೇಲಕ್ಕೆ ಹಾರದಂತೆ ನೋಡಿಕೊಳ್ಳುವುದು. ಕೊನೆಯದಕ್ಕೆ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದರು. ಅಮೆರಿಕದ ಆಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ ಲೀಪ್-ದ-ಡಿಪ್ಸ್ ಕೋಸ್ಟರಿನಲ್ಲಿ ಆ ಚಕ್ರ ಇಲ್ಲ. ಅದಕ್ಕೇ ಅದರ ಏರಿಳಿತ ಅಷ್ಟು ಮೆತ್ತಗೆ. ಹತ್ತು ಓಟ ಆದ ಕೂಡಲೇ ರೈಲು ನಿಲ್ಲಿಸಿ, ಅಡ್ಡ ಕೊಟ್ಟು, ಬಿಸಿ ಅಳೆಯುವ ಗನ್ ಅನ್ನು ಒಂದೊಂದು ಚಕ್ರದ ನಡುವಿಗೂ ಹಿಡಿಯುತ್ತಾ ಹೋಗಿ. 38, 39, 38, 40, 61. ಅಲ್ಲಿ ನಿಲ್ಲಿ. ಆ ಬೇರಿಂಗ್ ಹಿಡಿಯುತ್ತಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಚಕ್ರ ಎತ್ತಿ, ಬೆರಳಿನಿಂದ ತಿರುಗಿಸಿ. ಒಳ್ಳೇ ಬೇರಿಂಗ್ ಸದ್ದಿಲ್ಲದೆ ತಿರುಗಿ ನಿಧಾನ ನಿಲ್ಲುತ್ತದೆ. ಕೆಟ್ಟದ್ದು ಮರಳು ಸಿಕ್ಕಿದ ಹಾಗೆ ಕೈಗೆ ಗರಗರ ಅನ್ನುತ್ತದೆ.

ಲಿಫ್ಟ್, ಅಂದರೆ ಚೈನ್ ರೈಲನ್ನು ಎಳೆದೊಯ್ಯುವ ಮೊದಲ ಏರು, ಅದನ್ನು ಏರುವಾಗಿನ ‘ಟಕಟಕ’ ಎಲ್ಲರಿಗೂ ಗೊತ್ತು. ಅದು ಚೈನಿನ ಸದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ರೈಲು ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಹಲ್ಲಿನ ಪಟ್ಟಿಯ ಮೇಲೆ ಒಂದೊಂದಾಗಿ ಬೀಳುವ ಸದ್ದು. ಕೋಸ್ಟರ್ ಕೆಲಸದವರಿಗೆ ಅದು ನಾಡಿ ಇದ್ದ ಹಾಗೆ. ತಾಳ ತಪ್ಪಿದರೆ ಅಲ್ಲೂ ಇದೇ ಪ್ರಶ್ನೆ. ಯಾವ ರೈಲು ಬಂದರೂ ಏರಿನ ಒಂದೇ ಜಾಗದಲ್ಲಿ ಟಕ್ ತಪ್ಪಿದರೆ ಅಲ್ಲಿನ ಪಟ್ಟಿ ಸಡಿಲವಾಗಿದೆ ಅಥವಾ ಹಲ್ಲು ಸವೆದಿದೆ. ಒಂದು ರೈಲಿಗೆ ಮಾತ್ರ ಏರಿನುದ್ದಕ್ಕೂ ತಪ್ಪಿದರೆ ಆ ರೈಲಿನ ಕೊಕ್ಕೆ ಸಿಕ್ಕಿಕೊಂಡಿದೆ. ಎರಡರಲ್ಲಿ ಯಾವುದಾದರೂ ಸರಿ, ಜನ ಹತ್ತಿಸುವುದನ್ನು ಆ ಕ್ಷಣವೇ ನಿಲ್ಲಿಸಿ. ಚೈನ್ ತುಂಡಾದ ದಿನ ಉಳಿಯುವುದು ಆ ಕೊಕ್ಕೆ ಒಂದೇ.

ಇನ್ನೊಂದು ಬಗೆಯ ನಿಲುಗಡೆ ಇದೆ. ರೈಲು ಲಿಫ್ಟ್ ಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಪ್ಯಾನೆಲ್‌ನಲ್ಲಿ ಕೆಂಪು ದೀಪ. ಒಂದಕ್ಕಿಂತ ಹೆಚ್ಚು ರೈಲು ಓಡುವ ಕೋಸ್ಟರಿನಲ್ಲಿ ದಾರಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕಿಗೆ ಒಂದೇ ರೈಲು. ಮುಂದಿನ ಬ್ಲಾಕ್ ಖಾಲಿ ಅಂತ ಖಾತ್ರಿಯಾಗದೆ ಹಿಂದಿನ ರೈಲನ್ನು ಬಿಡುವುದಿಲ್ಲ. ಅಂದರೆ ರೈಡ್ ಕೆಟ್ಟಿಲ್ಲ, ತನ್ನ ಕೆಲಸ ಮಾಡಿದೆ. ಕಾರಣ ಸಣ್ಣದೇ ಇರಬಹುದು: ಸೆನ್ಸರ್ ಎದುರಿಗೆ ಎಲೆ, ಗ್ರೀಸ್ ಚಿಮ್ಮಿದ್ದು, ಬ್ರ್ಯಾಕೆಟ್ ಸರಿದಿದ್ದು. ಆದರೂ ಮೊದಲು ಎದ್ದು ಹೋಗಿ, ಎಲ್ಲ ರೈಲುಗಳನ್ನೂ ನಿಮ್ಮ ಕಣ್ಣಿನಿಂದಲೇ ಎಣಿಸಿ. ಸ್ಕ್ರೀನ್ ನೋಡಿ ಎಣಿಸಬೇಡಿ, ಯಾಕೆಂದರೆ ಸ್ಕ್ರೀನಿಗೆ ಸುದ್ದಿ ಕೊಡುವ ಸೆನ್ಸರ್ ಮೇಲೇ ನಿಮಗೀಗ ಅನುಮಾನ. ಸೆನ್ಸರನ್ನು ಬೈಪಾಸ್ ಮಾಡಿ ‘ಇವತ್ತೊಂದು ದಿನ ಓಡಿಸೋಣ’ ಅಂತ ಯಾರು ಹೇಳಿದರೂ ಒಪ್ಪಬೇಡಿ. ಆ ಮಾತು ಹೇಳುವವರು ನಿಮ್ಮ ಮೇಲಿನವರೇ ಆಗಿದ್ದರೂ ಒಪ್ಪಬೇಡಿ.

ಜೈಂಟ್ ವೀಲ್

ಷಿಕಾಗೋದಲ್ಲಿ 1893ರಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ ಚಕ್ರ 264 ಅಡಿ ಎತ್ತರ, 36 ಪೆಟ್ಟಿಗೆ. ಎತ್ತರ ಎಷ್ಟೇ ಇರಲಿ, ಚಕ್ರದ ಕೆಲಸ ನಿಂತಿರುವುದು ಸಮತೋಲದ ಮೇಲೆ. ಒಂದು ಪಕ್ಕ ಹತ್ತುವಾಗ ಇನ್ನೊಂದು ಪಕ್ಕ ಇಳಿಯುತ್ತದೆ, ಮೋಟಾರ್ ವ್ಯತ್ಯಾಸವನ್ನಷ್ಟೇ ಎತ್ತಬೇಕು. ವಿಯೆನ್ನಾದ 1897ರ ಚಕ್ರ ಎರಡನೇ ಮಹಾಯುದ್ಧದಲ್ಲಿ ಸುಟ್ಟಿತು. ಮತ್ತೆ ನಿಲ್ಲಿಸಿದಾಗ 30 ಪೆಟ್ಟಿಗೆಗಳ ಬದಲು 15 ಮಾತ್ರ ಹಾಕಿದರು. ಸಮನಾದ ಅಂತರದಲ್ಲಿ ಹಾಕಿದ್ದರಿಂದ ಚಕ್ರಕ್ಕೆ ತೊಂದರೆಯಾಗಲಿಲ್ಲ.

ಚಕ್ರ ಒಂದು ಕಡೆ ಓಡಿ, ಇನ್ನೊಂದು ಕಡೆ ತಿಣುಕಿದರೆ ಮೊದಲು ಜನರನ್ನು ಕೂರಿಸಿದ ರೀತಿ ಕೇಳಿ. ಸಾಲಾಗಿ ಒಂದರ ಪಕ್ಕ ಒಂದು ತುಂಬಿದ್ದರೆ ಯಂತ್ರವನ್ನು ಬಯ್ಯಬೇಡಿ. ಎದುರುಬದುರು ತುಂಬಬೇಕು. ಖಾಲಿ ಚಕ್ರವೂ ಹಾಗೇ ಮಾಡಿದರೆ, ಯಾವ ಸೀಟು ಯಾವಾಗಲೂ ಕೆಳಗೆ ಬಂದು ನಿಲ್ಲುತ್ತದೆ ನೋಡಿ. ಮಳೆಗಾಲದಲ್ಲಿ ಸೀಟಿನ ತಳದಲ್ಲಿ ನೀರು ನಿಂತು ಭಾರವಾಗಿರುವುದುಂಟು. ನೀರು ಹೋಗುವ ತೂತು ಮುಚ್ಚಿರುತ್ತದೆ, ಒಂದು ಕಡ್ಡಿ ಆಡಿಸಿದರೆ ಸರಿಹೋಗುತ್ತದೆ.

ಸೀಟು ಕಿರ್ ಅನ್ನುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸೀಟು ತನ್ನ ಪಿನ್ನಿನ ಮೇಲೆ ಸಲೀಸಾಗಿ ತೂಗುತ್ತಿರಬೇಕು. ಪಿನ್ ಹಿಡಿದುಕೊಂಡರೆ ಚಕ್ರ ಮೇಲೆ ಹೋದಂತೆ ಸೀಟೂ ಅದರ ಜೊತೆ ವಾಲುತ್ತದೆ. ಪ್ರತಿ ಬೆಳಗ್ಗೆ ಒಂದೊಂದು ಸೀಟನ್ನೂ ಕೆಳಗೆ ತಂದು, ಒಂದು ತಳ್ಳು ತಳ್ಳಿ, ಎಷ್ಟು ಸಲ ತೂಗಿ ನಿಲ್ಲುತ್ತದೆ ಎಣಿಸಿ. ಎಲ್ಲವೂ ಎಂಟು ಸಲ ತೂಗಿ, ಒಂದು ಮಾತ್ರ ಮೂರಕ್ಕೇ ನಿಂತರೆ, ಅವತ್ತು ಆ ಚಕ್ರಕ್ಕೆ ಜನ ಹತ್ತಬಾರದು.

ಈ ಪ್ರಶ್ನೆ ನಡೆಯದ ಕಡೆ

ಟಿಲ್ಟ್-ಎ-ವರ್ಲ್ ಅನ್ನುವ ರೈಡ್ ಇದೆ. 1926ರಲ್ಲಿ ಹರ್ಬರ್ಟ್ ಸೆಲ್ನರ್ ರೂಪಿಸಿದ್ದು. ಏರಿಳಿತದ ನೆಲದ ಮೇಲೆ ಏಳು ತೊಟ್ಟಿಗಳು ತಮ್ಮಷ್ಟಕ್ಕೆ ಗಿರಕಿ ಹೊಡೆಯುತ್ತವೆ. ಯಾವ ತೊಟ್ಟಿ ಯಾವಾಗ ಎತ್ತ ತಿರುಗುತ್ತದೆ ಅನ್ನುವುದನ್ನು ಮುಂಚಿತವಾಗಿ ಹೇಳಲಾಗದು. 1994ರಲ್ಲಿ ಇಬ್ಬರು ಭೌತವಿಜ್ಞಾನಿಗಳು ಇದರ ಲೆಕ್ಕ ಮಾಡಿ ತೋರಿಸಿದರು. ಕೂತವರ ತೂಕದಲ್ಲಿ ಚೂರು ವ್ಯತ್ಯಾಸವಾದರೂ ಗಿರಕಿ ಬದಲಾಗುತ್ತದೆ. ಹಾಗಾಗಿ ‘4ನೇ ತೊಟ್ಟಿ ತಿರುಗಲೇ ಇಲ್ಲ’ ಅಂತ ಒಂದು ದೂರು ಬಂದ ಮಾತ್ರಕ್ಕೆ ಬಿಚ್ಚಬೇಡಿ. ಬೀಗ ಹಾಕಿ, ಏಳೂ ತೊಟ್ಟಿಗಳನ್ನು ಖಾಲಿ ಇರುವಾಗ ಕೈಯಿಂದ ಒಂದೇ ಬಲದಲ್ಲಿ ತಿರುಗಿಸಿ. ಒಂದು ಬೇಗ ನಿಂತರೆ ಆಗ ಬೇರಿಂಗ್ ನೋಡೋಣ.

ಕೆಲವು ದೋಷಗಳು ನಿಂತೂ ಇರುವುದಿಲ್ಲ, ಸುತ್ತುವುದೂ ಇಲ್ಲ. ಹೊತ್ತು ನೋಡಿಕೊಂಡು ಬರುತ್ತವೆ. ಮಧ್ಯಾಹ್ನ ಎರಡಕ್ಕೆ ಬಂದು ಸಂಜೆಗೆ ಹೋಗುವುದು ಬಿಸಿಯ ದೋಷ: ಹಿಗ್ಗಿದ ಲೋಹ, ಸುಡುತ್ತಿರುವ ಕಂಟ್ರೋಲ್ ಪೆಟ್ಟಿಗೆ. ಬೆಳಗ್ಗೆ ಬಂದು ಹತ್ತು ಗಂಟೆಗೆ ಹೋಗುವುದು ಇಬ್ಬನಿ, ತೇವ. ಜನ ತುಂಬಿದಾಗ ಮಾತ್ರ ಬರುವುದು ಭಾರದ್ದು. ಇವನ್ನು ಖಾಲಿ ರೈಡ್ ಓಡಿಸಿ ಹುಡುಕಲು ಆಗುವುದಿಲ್ಲ, ಮರಳು ಚೀಲ ಅಥವಾ ನೀರು ತುಂಬಿದ ಗೊಂಬೆ ಕೂರಿಸಿ ಓಡಿಸಬೇಕು.

ಮತ್ತೆ ತೆರೆಯುವ ಮೊದಲು

ದುರಸ್ತಿ ಆದ ಮೇಲೆ ಖಾಲಿ ಓಟ, ಆಮೇಲೆ ಭಾರ ಹಾಕಿ ಓಟ. ಬಿಚ್ಚಿದ ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿದು, ನಟ್ಟಿನ ಮೇಲಿಂದ ಕಬ್ಬಿಣದವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನಾಳೆ ಗೆರೆ ಒಡೆದಿದ್ದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಭಾರ ಹೊರುವ ಭಾಗದಲ್ಲಿ ಬಿರುಕಿನ ಅನುಮಾನ ಇದ್ದರೆ ಕಣ್ಣನ್ನು ನಂಬಬೇಡಿ, ಬಣ್ಣದ ದ್ರವದ ಅಥವಾ ಅಯಸ್ಕಾಂತ ಪುಡಿಯ ಪರೀಕ್ಷೆ ಮಾಡುವವರನ್ನು ಕರೆಸಿ.

ಆಮೇಲೆ ಪುಸ್ತಕ. ‘ಸದ್ದು ಇತ್ತು, ಸರಿ ಮಾಡಿದೆ’ ಅಂತ ಬರೆದರೆ ಮುಂದಿನವರಿಗೆ ಏನೂ ಸಿಗುವುದಿಲ್ಲ. ಆ ಎದ್ದ ಹಲ್ಲನ್ನು ಸರಿ ಮಾಡಿದ ರಾತ್ರಿ ನಾನು ಬರೆದದ್ದು ಹೀಗಿತ್ತು: ‘ಸುತ್ತಿಗೆ 1 ಟಕ್. ಸದ್ದು ಮೋಟಾರ್ ಕಡೆ, ಜಾಗ ಬದಲಾಗುತ್ತಿಲ್ಲ. ಮೋಟಾರ್ ಗೇರ್ ಬದಲಿಸಿದೆ, ಸದ್ದು ಹಾಗೇ ಇತ್ತು. ದೊಡ್ಡ ಗೇರ್, 11ನೇ ಕುದುರೆಯ ನೇರಕ್ಕೆ ಇರುವ ಹಲ್ಲು, ಅಂಚು ಎದ್ದಿತ್ತು. ಬಿರುಕು ಪರೀಕ್ಷೆ ಮಾಡಿಸಿದೆ, ಬಿರುಕಿಲ್ಲ. ಅರದಿಂದ ಉಜ್ಜಿ ಸಮ ಮಾಡಿದೆ. ಖಾಲಿ 20 ಸುತ್ತು, ಭಾರ ಹಾಕಿ 20 ಸುತ್ತು, ಸದ್ದಿಲ್ಲ. ಮುಂದಿನ ವಾರ ಇದೇ ಹಲ್ಲು ಮತ್ತೆ ನೋಡಬೇಕು.’